ಹಳೆಯ ಸ್ಯಾಕ್ಸೊಫೋನ್ ಒಂದನ್ನು ಸರಿಪಡಿಸಿ ಮಾರಿದ್ದು

ಸುಮಾರು 18 ತಿಂಗಳು ನನ್ನ ಕೆಲಸದ ಮೇಜಿನ ಮೇಲಿದ್ದ ಆಲ್ಟೊ ಸ್ಯಾಕ್ಸೊಫೋನ್ ನಾಲ್ಕು ತಿಂಗಳ ಹಿಂದೆ ಬೇರೊಬ್ಬರ ಕೈ ಸೇರಿತು. ಅದನ್ನು ಸರಿಪಡಿಸಲು ಎಷ್ಟು ತಾಳ್ಮೆ ಬೇಕಾದೀತೆಂದು ಕೈಹಚ್ಚುವ ಮೊದಲೇ ನನಗೊಂದು ಅಂದಾಜಿತ್ತು. ಮಾರಾಟಕ್ಕೂ ಅಷ್ಟೇ ತಾಳ್ಮೆ, ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು ಎಂಬುದು ಮಾತ್ರ ಮಾರಲು ಹೊರಟ ಮೇಲೆಯೇ ಅರಿವಾದದ್ದು. ಕೊಳ್ಳುವವರ ಕಣ್ಣಿಗೆ ಬೀಳುವುದು ಬೆಳ್ಳಿಯ ಹೊಳಪು, ಬೆಲ್ಲಿನ (ಕೊಳವೆಯ ಅರಳಿದ ಬಾಯಿಯ) ಮೇಲಿನ ಹೂಬಳ್ಳಿಯ ಕೆತ್ತನೆ, ಬೆರಳಿಡುವ ಕಡೆ ಕೂರಿಸಿದ ಮುತ್ತಿನ ಚಿಪ್ಪು. ಅವರು ಹಣ ಕೊಡುವುದು ಕಾಣದೆ ಇರುವ ಕೆಲಸಕ್ಕೆ: ಕೊಳವೆಯ ರಂಧ್ರಗಳನ್ನು ಮುಚ್ಚುವ ಚರ್ಮದ ಮೆತ್ತೆಗಳ, ಅಂದರೆ ಪ್ಯಾಡುಗಳ ಅಡಿಯಲ್ಲಿ, ಕೀಗಳ ಸರಳುಗಳ ಒಳಗೆ, ಕೊಳವೆಯ ಒಳಮೈಯಲ್ಲಿ ಏನು ನಡೆದಿದೆ ಎಂಬುದಕ್ಕೆ. ಅದು ಗೊತ್ತಿರುವುದು ಮಾರುವವನಿಗೆ ಮಾತ್ರ. ಆದ್ದರಿಂದ ಅದನ್ನು ಪೂರ್ತಿಯಾಗಿ ಬರೆದು ಕೊಡುವ ಹೊಣೆಯೂ ಅವನದೇ ಎಂದು ನಾನು ನಂಬಿದ್ದೇನೆ.

ವಾದ್ಯವು ಕಾನ್ ಕಂಪನಿಯದು. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣದಲ್ಲಿ ತಯಾರಾದ, ಸಂಗ್ರಾಹಕರು ನ್ಯೂ ವಂಡರ್ ಎಂದು ಕರೆಯುವ ಮಾದರಿ. 1920ರ ದಶಕದ ನಡುವಿನ ವರ್ಷಗಳದ್ದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯಕ್ಕೆ ಅಮೆರಿಕದಲ್ಲಿ ದೊಡ್ಡ ಹುಚ್ಚು ಹಿಡಿದದ್ದು ಆ ದಶಕದಲ್ಲಿಯೇ. ಮನೆಮನೆಗಳಲ್ಲಿ ಪಿಯಾನೊ ಪಕ್ಕ ಕೂತು ನುಡಿಸಲೆಂದೇ ಸಿ ಮೆಲೊಡಿ ಎಂಬ ಗಾತ್ರದ ಸ್ಯಾಕ್ಸೊಫೋನುಗಳು ಕೂಡ ಆಗ ಅಪಾರವಾಗಿ ಮಾರಾಟವಾದವು. ಹಾಗಾಗಿ ಆ ಕಾಲದ ವಾದ್ಯಗಳು ಇಂದಿಗೂ ಸಾಕಷ್ಟು ಉಳಿದಿವೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಹಳೆಯ ಸ್ಯಾಕ್ಸೊಫೋನ್ ಮಾರುವವರು ಬಹಳಷ್ಟು ಸಲ ‘ಅಪರೂಪದ್ದು’ ಎಂಬ ಪದ ಬಳಸುತ್ತಾರೆ. ನನ್ನ ಕೈಯಲ್ಲಿದ್ದುದು ಹಳೆಯದು, ಒಳ್ಳೆಯದು, ಆದರೆ ಅಪರೂಪದ್ದಲ್ಲ. ನನ್ನ ವಿವರಣೆಯಲ್ಲಿ ಆ ಪದ ಎಲ್ಲಿಯೂ ಬರಲಿಲ್ಲ.

ಕಾಲನಿರ್ಣಯದ ವಿಷಯದಲ್ಲಿ ಇನ್ನೊಂದು ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. ಆ ಕಾಲದ ಕಾನ್ ವಾದ್ಯಗಳ ಬೆನ್ನಿನ ಮೇಲೆ 1914ರ ಡಿಸೆಂಬರ್ 8 ಎಂಬ ದಿನಾಂಕದ ಅಚ್ಚು ಇರುತ್ತದೆ. ಅದನ್ನೇ ವಾದ್ಯ ಹುಟ್ಟಿದ ದಿನವೆಂದು ತಿಳಿದು ‘1914ರ ಸ್ಯಾಕ್ಸೊಫೋನ್’ ಎಂದು ಬರೆದುಬಿಡುವವರು ಹಲವರು. ಅದು ಒಂದು ಪೇಟೆಂಟಿನ ದಿನಾಂಕ. ಸ್ವರರಂಧ್ರದ ಸುತ್ತಲಿನ ಗೋಡೆಯನ್ನು ಬೇರೆ ಬಳೆಯಾಗಿ ಮಾಡಿ ಬೆಸೆಯುವ ಬದಲು, ಕೊಳವೆಯ ಲೋಹವನ್ನೇ ಹೊರಕ್ಕೆ ಎಳೆದು ಗೋಡೆ ಎಬ್ಬಿಸುವ ವಿಧಾನಕ್ಕೆ ಸಂಬಂಧಿಸಿದ್ದು. (ಮಾರ್ಟಿನ್ ಕಂಪನಿ ಮಾತ್ರ ಬೆಸೆಯುವ ಪದ್ಧತಿಯನ್ನೇ ಬಹುಕಾಲ ಉಳಿಸಿಕೊಂಡಿತು; ಅದರ ವಾದ್ಯಗಳನ್ನು ಕೊಳ್ಳುವವರು ಆ ಬೆಸುಗೆ ಬಿಟ್ಟಿದೆಯೇ ಎಂದು ನೋಡುವುದು ಅಗತ್ಯ.) ವಾದ್ಯದ ವರ್ಷ ತಿಳಿಯಬೇಕಾದರೆ ಹೆಬ್ಬೆರಳ ಕೊಕ್ಕೆಯ ಬಳಿ ಇರುವ ಕ್ರಮಸಂಖ್ಯೆಯನ್ನು ನೋಡಬೇಕು. ಅದರಿಂದಲೂ ಸಿಗುವುದು ಅಂದಾಜು ವರ್ಷವೇ. ಹೀಗಾಗಿ ನಾನು ಒಂದೇ ವರ್ಷ ಬರೆಯದೆ ದಶಕದ ನಡುವಿನದು ಎಂದಷ್ಟೇ ಬರೆದು, ಸಂಖ್ಯೆಯ ಸ್ಪಷ್ಟ ಚಿತ್ರವನ್ನು ಜೊತೆಗಿಟ್ಟೆ.

ಆ ಸಂಖ್ಯೆಯ ಕೆಳಗೆ ಇಂಗ್ಲಿಷಿನ ಎಲ್ ಅಕ್ಷರವಿತ್ತು. ಈ ಒಂದಕ್ಷರದ ಮಹತ್ವ ತಿಳಿಯದೆ ಹಳೆಯ ಸ್ಯಾಕ್ಸೊಫೋನ್ ಕೊಳ್ಳುವುದೂ ಮಾರುವುದೂ ಅಪಾಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ಶ್ರುತಿಮಟ್ಟಗಳು ಬಳಕೆಯಲ್ಲಿದ್ದವು. ಎ ಸ್ವರಕ್ಕೆ ಸೆಕೆಂಡಿಗೆ ಸುಮಾರು 457 ಕಂಪನಗಳ ಎತ್ತರದ ಶ್ರುತಿಯನ್ನು ಕೆಲವು ವಾದ್ಯಮೇಳಗಳು ಇಟ್ಟುಕೊಂಡಿದ್ದವು. ಇಂದು ನಮಗೆ ಪರಿಚಿತವಾದ 440ರದು ಕೆಳಗಿನ ಶ್ರುತಿ. ಎಲ್ ಎಂದರೆ ಕೆಳಗಿನ ಶ್ರುತಿಯದೆಂದು ಅರ್ಥ, ಎಚ್ ಎಂದಿದ್ದರೆ ಎತ್ತರದ್ದು. ಎತ್ತರದ ಶ್ರುತಿಯ ವಾದ್ಯದ, ಬಾಯಿಟ್ಟು ಊದುವ ಭಾಗವಾದ ಮೌತ್‌ಪೀಸನ್ನು ಎಷ್ಟೇ ಹೊರಕ್ಕೆ ಎಳೆದರೂ ಅದು ಇಂದಿನ ಶ್ರುತಿಗೆ ಸರಿಯಾಗಿ ಕೂಡುವುದಿಲ್ಲ, ಏಕೆಂದರೆ ಅದರ ಸ್ವರರಂಧ್ರಗಳ ನಡುವಿನ ಅಂತರವೇ ಬೇರೆ ಲೆಕ್ಕದ್ದು. ಒಂದು ಸ್ವರ ಕೂಡಿಸಿದರೆ ಮತ್ತೊಂದು ಜಾರುತ್ತದೆ. ನೋಡಲು ಎರಡೂ ಒಂದೇ ಬಗೆ. ಎಲ್ ಅಕ್ಷರ ಕಂಡ ಮೇಲೆಯೇ ನಾನು ಈ ವಾದ್ಯವನ್ನು ಕೊಂಡದ್ದು, ಮಾರುವಾಗಲೂ ವಿವರಣೆಯ ಮೊದಲ ಸಾಲುಗಳಲ್ಲಿಯೇ ಅದನ್ನು ಹೇಳಿದೆ.

ನನಗೆ ದೊರೆತಾಗ ಅದು ದಶಕಗಳ ಕಾಲ ಯಾರೂ ಊದದ ಸ್ಥಿತಿಯಲ್ಲಿತ್ತು. ಬೆಳ್ಳಿಯ ಲೇಪವೆಲ್ಲ ಕಪ್ಪಾಗಿತ್ತು. ಪ್ಯಾಡುಗಳ ಚರ್ಮ ಒಣಗಿ ಬಿರುಕುಬಿಟ್ಟು, ಒಳಗಿನ ಉಣ್ಣೆಯ ಫೆಲ್ಟನ್ನು ಹುಳು ತಿಂದಿದ್ದವು. ಸೂಜಿಯಂಥ ಸ್ಪ್ರಿಂಗುಗಳಲ್ಲಿ ಅರ್ಧಕ್ಕರ್ಧ ತುಕ್ಕು ಹಿಡಿದು ಮುಟ್ಟಿದರೆ ಮುರಿಯುವಂತಿದ್ದವು. ಕೊಳವೆಯ ಕೆಳ ಬಾಗಿನಲ್ಲಿ ಅಂಗೈ ಅಗಲದ ನೆಗ್ಗು ಬಿದ್ದಿತ್ತು. ಕೊರಳಿನ (ಮೌತ್‌ಪೀಸ್ ಕೂರುವ ಬಾಗಿದ ತುಂಡಿನ) ತುದಿಯಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಹೊಂದಿಸಲು ಆ ಕಾಲದ ಕಾನ್ ಆಲ್ಟೊಗಳಿಗೆ ಕೊಡುತ್ತಿದ್ದ ತಿರುಗುವ ಬಳೆ, ಅಂದರೆ ಮೈಕ್ರೊಟ್ಯೂನರ್, ಕದಲದಂತೆ ಕಚ್ಚಿಕೊಂಡಿತ್ತು. ಕೊರಳೂ ಸ್ವಲ್ಪ ಕೆಳಕ್ಕೆ ಬಾಗಿತ್ತು. ಮೌತ್‌ಪೀಸನ್ನು ಬಿರುಸಾಗಿ ತುರುಕುವ ಕೈಗಳಿಂದ ಹೀಗಾಗುತ್ತದೆ. ದುಂಡಗಿರಬೇಕಾದ ಒಳಗಂಡಿ ಅಂಡಾಕಾರವಾದರೆ ಮೇಲಿನ ಸ್ಥಾಯಿಯ ಶ್ರುತಿ ಕೆಡುತ್ತದೆ.

ಇವೆಲ್ಲ ನಿರೀಕ್ಷಿತ ಕೆಲಸಗಳೇ. ನಿರೀಕ್ಷಿಸದೆ ಇದ್ದದ್ದು ಕೀಗಳನ್ನೆಲ್ಲ ಬಿಚ್ಚಿದ ಮೇಲೆ ಕಂಡಿತು. ಕಾನ್ ಕಂಪನಿ ಸುಮಾರು 1920ರಿಂದ 1947ರ ವರೆಗೆ ಸ್ವರರಂಧ್ರಗಳ ಅಂಚನ್ನು ಹೊರಕ್ಕೆ ಮಡಿಸಿ ದುಂಡಗೆ ಮಾಡುತ್ತಿತ್ತು. ಪ್ಯಾಡು ಚೂಪಾದ ಅಂಚಿನ ಬದಲು ಆ ನುಣುಪಾದ ಮಡಿಕೆಯ ಮೇಲೆ ಕೂರುತ್ತದೆ. ನೋಡಲು ಬಹಳ ಚೆಂದ, ಆದರೆ ಒಂದು ತೊಡಕಿದೆ. ಸಾಮಾನ್ಯ ಸ್ವರರಂಧ್ರದ ಅಂಚು ಏರುಪೇರಾಗಿದ್ದರೆ ಚಪ್ಪಟೆ ಅರದಿಂದ ಹದವಾಗಿ ಉಜ್ಜಿ ಸಮ ಮಾಡಬಹುದು. ಮಡಿಸಿದ ಅಂಚನ್ನು ಹಾಗೆ ಉಜ್ಜಬಾರದು. ಮಡಿಕೆಯ ನೆತ್ತಿ ಸವೆದು ತೆಳುವಾಗುತ್ತದೆ, ಮತ್ತಷ್ಟು ಉಜ್ಜಿದರೆ ತೆರೆದುಕೊಳ್ಳುತ್ತದೆ. ಅದನ್ನು ಕೆಳಗಿನಿಂದ ನಿಧಾನವಾಗಿ ಎತ್ತಿ, ತಗ್ಗಿಸಿ ಸಮ ಮಾಡಬೇಕು. ಈ ವಾದ್ಯದಲ್ಲಿ ಹಿಂದೆಂದೋ ಯಾರೋ ರಿಪೇರಿ ಮಾಡಿದವರು ಎರಡು ದೊಡ್ಡ ರಂಧ್ರಗಳ ಮಡಿಕೆಗೆ ಅರ ಹಾಕಿದ್ದರು. ಬೆಳ್ಳಿ ಹೋಗಿ ಹಿತ್ತಾಳೆಯ ಹಳದಿ ಉಂಗುರ ಕಾಣುತ್ತಿತ್ತು. ಮಡಿಕೆ ತೆರೆದಿರಲಿಲ್ಲವಾದರೂ ತೆಳುವಾಗಿತ್ತು. ಕಳೆದುಹೋದ ಲೋಹವನ್ನು ಮರಳಿ ತರುವ ಉಪಾಯವಿಲ್ಲ.

ಪ್ಯಾಡು ಕೂತು ಕೀ ಮುಚ್ಚಿಕೊಂಡರೆ ಆ ಉಂಗುರಗಳು ಯಾರಿಗೂ ಕಾಣುವುದಿಲ್ಲ. ಮುಂದಿನ ಮಾತೆಲ್ಲ ಇದಕ್ಕೇ ಸಂಬಂಧಿಸಿದ್ದು.

ಸರಿಪಡಿಸಿದ ಬಗೆಯನ್ನು ಇಲ್ಲಿ ದೀರ್ಘವಾಗಿ ವಿವರಿಸುವುದಿಲ್ಲ; ಮಾರಾಟಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಸವೆದ ಕೀಗಳ ನಳಿಗೆಯನ್ನು ವಿಶೇಷ ಇಕ್ಕಳದಿಂದ ಅದುಮಿ, ಕೂದಲೆಳೆಯಷ್ಟು ಉದ್ದವಾಗುವಂತೆ ಮಾಡಿ, ಅವು ತಮ್ಮನ್ನು ಹಿಡಿದಿಡುವ ಪುಟ್ಟ ಕಂಬಗಳ ನಡುವೆ ಅಲುಗಾಡದಂತೆ ಕೂರಿಸಿದೆ. ಕೀ ಅಲುಗಾಡಿದರೆ ಪ್ಯಾಡು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ, ಆಮೇಲೆ ಎಷ್ಟು ಒಳ್ಳೆಯ ಪ್ಯಾಡು ಹಾಕಿದರೂ ಪ್ರಯೋಜನವಿಲ್ಲ. ಹಳೆಯ ಸ್ಯಾಕ್ಸೊಫೋನಿಗೆ ಬರಿಯ ಪ್ಯಾಡು ಬದಲಿಸಿ ‘ಪೂರ್ತಿ ಹೊಸದಾಗಿ ಮಾಡಲಾಗಿದೆ’ ಎಂದು ಮಾರುವುದು ಕೊಳ್ಳುವವರಿಗೆ ಮಾಡುವ ದೊಡ್ಡ ಅನ್ಯಾಯವೆಂದು ನನ್ನ ಅಭಿಪ್ರಾಯ. ನೆಗ್ಗನ್ನು ಉಕ್ಕಿನ ಗುಂಡುಗಳಿಂದ ಒಳಗಿನಿಂದ ಒತ್ತಿ ತೆಗೆದೆ. ಅದರ ನೆರಳು ಓರೆ ಬೆಳಕಿನಲ್ಲಿ ಈಗಲೂ ಕಾಣುತ್ತದೆ. ಹೊಸ ಪ್ಯಾಡುಗಳನ್ನು ಅರಗು ಕರಗಿಸಿ ಅಂಟಿಸಿದೆ. ಬಿಸಿ ತಾಕಿದಾಗ ಮೆತ್ತಗಾಗಿ ಆರಿದಾಗ ಗಟ್ಟಿಯಾಗುವ ಅರಗು ಪ್ಯಾಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಲು ಅವಕಾಶ ಕೊಡುತ್ತದೆ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ದೀಪದ ಸರಳು ಇಳಿಸಿ, ಪ್ಯಾಡಿನ ಸುತ್ತ ಎಲ್ಲಿಯಾದರೂ ಬೆಳಕು ಜಿನುಗುತ್ತಿದೆಯೇ ಎಂದು ನೋಡುತ್ತ ಕಳೆದ ಸಂಜೆಗಳು ಹಲವು. ಸ್ಯಾಕ್ಸೊಫೋನಿನ ಅತಿ ಕೆಳಗಿನ ಸ್ವರ ಹೊರಡಬೇಕಾದರೆ ಮೇಲಿನ ಎಲ್ಲ ರಂಧ್ರಗಳೂ ಬಿಗಿಯಾಗಿ ಮುಚ್ಚಿರಬೇಕು. ಎಲ್ಲೋ ಮೇಲೊಂದು ಕಡೆ ಎಳೆಯಷ್ಟು ಸಂದು ಬಿಟ್ಟರೂ ಅದರ ಕೆಳಗಿನ ಸ್ವರಗಳೆಲ್ಲ ನಡುಗುತ್ತವೆ.

ಬೆಳ್ಳಿಯ ವಿಷಯದಲ್ಲಿ ಮಾತ್ರ ಕೆಲವರು ನನ್ನೊಂದಿಗೆ ಒಪ್ಪಲಿಲ್ಲ. ಈ ವಾದ್ಯದ ಮೈ ಕನ್ನಡಿಯಂತೆ ಹೊಳೆಯುವಂಥದ್ದಲ್ಲ. ಮರಳನ್ನು ಬಿರುಸಾಗಿ ಊದಿ ಮೇಲ್ಮೈಯನ್ನು ಮಂಜು ಮಂಜಾಗಿಸಿ ಅದರ ಮೇಲೆ ಬೆಳ್ಳಿ ಕೊಟ್ಟದ್ದು, ಬೆಲ್ಲಿನ ಒಳಗೆ ತೆಳುವಾದ ಚಿನ್ನದ ಲೇಪ. ಒರಟು ಪಾಲಿಶ್ ಹಾಕಿ ತಿಕ್ಕಿದರೆ ಆ ಮಂಜು ಹೋಗಿ ಅಲ್ಲಲ್ಲಿ ಹೊಳಪಿನ ಕಲೆಗಳಾಗುತ್ತವೆ. ಪ್ರತಿ ತಿಕ್ಕಿಗೂ ಬೆಳ್ಳಿ ಸವೆಯುತ್ತದೆ. ಮೆತ್ತನೆಯ ಬಟ್ಟೆಯಿಂದ, ಅತಿ ನಯವಾದ ಸೀಮೆಸುಣ್ಣದಂಥ ಪುಡಿಯಿಂದ ಕಪ್ಪನ್ನಷ್ಟೇ ತೆಗೆದು, ಕೆತ್ತನೆಯ ಗೆರೆಗಳಲ್ಲಿ ಉಳಿದ ಕಪ್ಪನ್ನು ಹಾಗೆಯೇ ಬಿಟ್ಟೆ. ಹೊಸದಾಗಿ ಬೆಳ್ಳಿ ಕೊಡಿಸಿದ್ದರೆ ಬೇಗ ಮಾರಾಟವಾಗುತ್ತಿತ್ತೆಂದು ಪರಿಚಿತರೊಬ್ಬರು ಹೇಳಿದರು. ಇರಬಹುದು. ಆದರೆ ಹೊಸ ಲೇಪ ಕೊಡುವ ಮೊದಲು ಹಳೆಯದನ್ನು ತೆಗೆದು ಲೋಹವನ್ನು ಉಜ್ಜಬೇಕಾಗುತ್ತದೆ, ಆಗ ಕೆತ್ತನೆ ಮೊಂಡಾಗುತ್ತದೆ, ಕ್ರಮಸಂಖ್ಯೆ ಮಸುಕಾಗುತ್ತದೆ. ಲ್ಯಾಕರ್ (ತೆಳು ಮೆರುಗೆಣ್ಣೆ) ಬಳಿದ ಹಿತ್ತಾಳೆಯ ಹಳೆಯ ಸ್ಯಾಕ್ಸೊಫೋನುಗಳಲ್ಲಿ ಹೀಗೆ ಉಜ್ಜಿ ಮರುಲೇಪ ಕೊಟ್ಟವು ಅಸಂಖ್ಯಾತ. ಮೂಲ ಲೇಪ ಅರ್ಧ ಹೋಗಿರುವ ವಾದ್ಯಕ್ಕೆ, ಮರುಲೇಪದಿಂದ ಫಳಫಳಿಸುವ ಅದೇ ಮಾದರಿಯ ವಾದ್ಯಕ್ಕಿಂತ ಹೆಚ್ಚು ಬೆಲೆ ಬರುವುದನ್ನು ಕಂಡು ಹೊಸಬರು ಆಶ್ಚರ್ಯಪಡುತ್ತಾರೆ. ಕಾರಣ ಇಷ್ಟೇ: ಹೋದ ಲೇಪ ಕೈಯ ಬೆವರಿನ ಗುರುತು, ಮಸುಕಾದ ಕೆತ್ತನೆ ಲೋಹ ಕಳೆದುಕೊಂಡ ಗುರುತು.

ಏಕೆ ಮಾರಿದೆ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ನಾನು ನುಡಿಸುವುದು ಆಲ್ಟೊಗಿಂತ ದೊಡ್ಡದಾದ, ತಗ್ಗಿನ ದನಿಯ ಟೆನರ್. ಆಲ್ಟೊವನ್ನು ತಿಂಗಳಿಗೊಮ್ಮೆ ತೆಗೆದು ಊದಿ ಮತ್ತೆ ಪೆಟ್ಟಿಗೆಯಲ್ಲಿಡುವುದು ಅದಕ್ಕೆ ಒಳ್ಳೆಯದಲ್ಲ. ಹೊಸ ಪ್ಯಾಡುಗಳು ದಿನವೂ ಊದಿದರೆ ರಂಧ್ರದ ಅಂಚಿಗೆ ಸರಿಯಾಗಿ ಒಗ್ಗುತ್ತವೆ, ಸುಮ್ಮನಿಟ್ಟರೆ ಬಿರುಸಾಗುತ್ತವೆ. ಜೊತೆಗೆ, ಮುಂದಿನ ವಾದ್ಯ ಕೊಳ್ಳಲು ಹಣವೂ ಬೇಕಿತ್ತು. ಈ ಎರಡನ್ನೂ ಕೇಳಿದವರಿಗೆಲ್ಲ ಹಾಗೆಯೇ ಹೇಳಿದೆ.

ವಿವರಣೆ ಬರೆಯಲು ಕುಳಿತಾಗ ಅರ ಹಾಕಿದ ಎರಡು ರಂಧ್ರಗಳ ವಿಷಯ ಕೈ ಹಿಡಿದು ನಿಲ್ಲಿಸಿತು. ಅವು ಈಗ ಸಮವಾಗಿವೆ, ಪ್ಯಾಡುಗಳು ಅಲ್ಲಿ ಬಿಗಿಯಾಗಿ ಕೂತಿವೆ, ನಾದದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹೇಳದೆ ಇದ್ದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ ಎಂಬ ವಾದ ಮನಸ್ಸಿನಲ್ಲಿ ಒಂದೆರಡು ದಿನ ಸುಳಿದಾಡಿದ್ದು ನಿಜ. ಆದರೆ ಇನ್ನು ಹತ್ತು ವರ್ಷಗಳ ಮೇಲೆ ಪ್ಯಾಡು ಬದಲಿಸಲು ಕೀ ಬಿಚ್ಚುವವರು ಆ ಹಳದಿ ಉಂಗುರ ನೋಡಿಯೇ ನೋಡುತ್ತಾರೆ. ತಿಳಿಯದವರಾದರೆ ಮತ್ತೆ ಅರ ಹಾಕುತ್ತಾರೆ, ಆಗ ಮಡಿಕೆ ತೆರೆದೇ ಹೋಗುತ್ತದೆ. ತಿಳಿದವರಾದರೆ ನನ್ನ ಮೌನವನ್ನೂ ಗುರುತಿಸುತ್ತಾರೆ. ಕೆಲಸದ ನಡುವೆ ತೆಗೆದಿದ್ದ ಚಿತ್ರಗಳಲ್ಲಿ ಆ ಎರಡು ರಂಧ್ರಗಳದ್ದು ಚೆನ್ನಾಗಿ ಬಂದಿತ್ತು. ಅದನ್ನು ಬೆಲ್ಲಿನ ಕೆತ್ತನೆಯ ಚಿತ್ರದ ಬೆನ್ನಿಗೇ ಇಟ್ಟು, ‘ಹಿಂದಿನ ರಿಪೇರಿಯಲ್ಲಿ ಇವೆರಡಕ್ಕೆ ಅರ ಹಾಕಲಾಗಿದೆ; ಮುಂದೆ ಇವನ್ನು ಉಜ್ಜಬಾರದು’ ಎಂದು ಬರೆದೆ.

ಚಿತ್ರಗಳನ್ನೆಲ್ಲ ಹಗಲು ಬೆಳಕಿನಲ್ಲಿ ತೆಗೆದೆ. ನೆಗ್ಗಿನ ನೆರಳು ಕಾಣುವ ಕೋನದಿಂದಲೂ ಒಂದಿತ್ತು. ಧ್ವನಿಮುದ್ರಣದ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ: ಮಾರುವ ವಾದ್ಯದಲ್ಲಿ ರಾಗವನ್ನೋ ಹಾಡನ್ನೋ ನುಡಿಸಿ ಕೇಳಿಸುವುದರಿಂದ ಕೊಳ್ಳುವವರಿಗೆ ನುಡಿಸುವವನ ಪರಿಚಯವಾಗುತ್ತದೆ, ವಾದ್ಯದ ಪರಿಚಯ ಆಗುವುದಿಲ್ಲ. ಕೆಳಗಿನ ಬಿ ಫ್ಲಾಟ್‌ನಿಂದ ಮೇಲಿನ ಎಫ್ ವರೆಗೆ, ಅರ್ಧ ಸ್ವರಗಳೂ ಸೇರಿ 32 ಸ್ವರಗಳನ್ನು ಒಂದೊಂದಾಗಿ, ಮೊದಲು ಮೆಲ್ಲಗೆ, ಬಳಿಕ ಜೋರಾಗಿ ಊದಿ, ಯಾವ ಪ್ರತಿಧ್ವನಿಯನ್ನೂ ಸೇರಿಸದೆ ಮುದ್ರಿಸಿದೆ. ಪ್ಯಾಡಿನಲ್ಲಿ ಸಂದು ಇದ್ದರೆ ಅದು ತಿಳಿಯುವುದು ಕೆಳಗಿನ ಸ್ವರವನ್ನು ಮೆಲ್ಲಗೆ ಊದಿದಾಗ. ಜೋರಾಗಿ ಊದಿ ಅದನ್ನು ಮರೆಸಿಬಿಡಬಹುದು. ಯಾವ ಮೌತ್‌ಪೀಸ್, ಎಷ್ಟು ಬಿಗುವಿನ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ಸೀಳು) ಎಂಬುದನ್ನೂ ಜೊತೆಗೆ ಬರೆದೆ.

ಬೆಲೆ ಕಟ್ಟುವುದು ಇಡೀ ವ್ಯವಹಾರದ ಅತಿ ಕಹಿಯಾದ ಭಾಗ. ಕೆಲಸದ ಗಂಟೆಗಳನ್ನು ಲೆಕ್ಕ ಹಾಕಿ ಅದಕ್ಕೆ ವಾದ್ಯದ ಬೆಲೆ ಸೇರಿಸಿದರೆ ಬರುವ ಮೊತ್ತವನ್ನು ಯಾರೂ ಕೊಡಲಾರರು. ರಿಪೇರಿಯಾಗದ ವಾದ್ಯಕ್ಕೂ ರಿಪೇರಿಯಾದ ವಾದ್ಯಕ್ಕೂ ಮಾರುಕಟ್ಟೆಯಲ್ಲಿ ಇರುವ ಅಂತರ, ಪೂರ್ಣ ರಿಪೇರಿಗೆ ತಗಲುವ ಖರ್ಚಿಗಿಂತ ಬಹಳ ಸಲ ಕಡಿಮೆ. ಫ್ರಾನ್ಸಿನ ಸೆಲ್ಮರ್ ಕಂಪನಿ 1954ರಲ್ಲಿ ತಂದ ಮಾರ್ಕ್ ಸಿಕ್ಸ್ ಮಾದರಿಯಾದರೆ ಲೆಕ್ಕ ಬೇರೆ. ಅದಕ್ಕೆ ಇರುವ ಬೇಡಿಕೆ ಎಂಥ ರಿಪೇರಿಯ ಖರ್ಚನ್ನೂ ತೂಗಿಸುತ್ತದೆ. 1920ರ ದಶಕದ ಅಮೆರಿಕನ್ ವಾದ್ಯಗಳ ನಾದ ಅಗಲವಾದದ್ದು, ತುಂಬಿದ್ದು. ಆದರೆ ಎಡಗೈ ಕಿರುಬೆರಳಿನ ಕೀಗಳು ಬಿಗಿ, ಅವುಗಳ ಜೋಡಣೆ ಇಂದಿನ ಕೈಗೆ ಒಗ್ಗದಂಥದ್ದು. ಸೆಲ್ಮರ್ 1930ರ ದಶಕದ ನಡುವಿನಲ್ಲಿ ಬ್ಯಾಲೆನ್ಸ್ಡ್ ಆಕ್ಷನ್ ಮಾದರಿಯಲ್ಲಿ ಕೀಗಳ ಜೋಡಣೆಯನ್ನು ಬದಲಿಸಿತು, ಇಂದಿನ ಸ್ಯಾಕ್ಸೊಫೋನುಗಳೆಲ್ಲ ಹೆಚ್ಚುಕಡಿಮೆ ಆ ದಾರಿಯನ್ನೇ ಹಿಡಿದಿವೆ. ಅದರಲ್ಲಿ ಕಲಿತ ಬೆರಳುಗಳಿಗೆ ಹಳೆಯ ಕಾನ್ ಮೊದಲ ದಿನ ಪರಕೀಯವೆನಿಸುವುದು ಸಹಜ. ಹೀಗಾಗಿ ನಾನು ಪ್ಯಾಡು, ಸ್ಪ್ರಿಂಗು, ಕಾರ್ಕು ಮುಂತಾದ ಸಾಮಗ್ರಿಯ ಖರ್ಚು, ವಾದ್ಯಕ್ಕೆ ಕೊಟ್ಟ ಹಣ, ಕೆಲಸದ ಗಂಟೆಗಳಲ್ಲಿ ಮೂರನೆಯ ಒಂದು ಭಾಗ, ಇಷ್ಟನ್ನು ಸೇರಿಸಿ ಒಂದು ಬೆಲೆ ಹೇಳಿದೆ. ಉಳಿದ ಎರಡು ಭಾಗ ನಾನು ಕಲಿತ ವಿದ್ಯೆಗೆ ಕೊಟ್ಟ ಶುಲ್ಕವೆಂದುಕೊಂಡೆ. ಚೌಕಾಶಿಗೆಂದು ಬೆಲೆಯನ್ನು ಮೊದಲೇ ಏರಿಸಿ ಹೇಳುವುದು ನನ್ನಿಂದಾಗದು.

ವಿಚಾರಿಸಿದವರಲ್ಲಿ ಕೆಲವರು ಅರ ಹಾಕಿದ ರಂಧ್ರಗಳ ಚಿತ್ರ ನೋಡಿ ಹಿಂದೆ ಸರಿದರು. ಒಬ್ಬರು ಅದೇ ಕಾರಣಕ್ಕೆ ಅರ್ಧ ಬೆಲೆಗೆ ಕೇಳಿದರು, ನಾನು ಒಪ್ಪಲಿಲ್ಲ. ಇನ್ನೊಬ್ಬರು ಬಂದು ನುಡಿಸಿಯೂ ನೋಡಿದರು. ತಮ್ಮ ಮೌತ್‌ಪೀಸನ್ನೇ ತಂದಿದ್ದರು; ಒಳಕೋಣೆ ಇಕ್ಕಟ್ಟಾದ, ಚುರುಕು ದನಿಯ ಇಂದಿನ ಮಾದರಿ. ಹತ್ತು ನಿಮಿಷದಲ್ಲಿ ಮೇಲಿನ ಸ್ಥಾಯಿಯ ಸ್ವರಗಳು ಒಂದೊಂದು ಒಂದೊಂದು ಕಡೆ ಏರುತ್ತಿರುವುದನ್ನು ಕಂಡು ‘ಇದರ ಶ್ರುತಿ ಸರಿಯಿಲ್ಲ’ ಎಂದರು. ಅವರು ಹೇಳಿದ್ದು ಆ ಮೌತ್‌ಪೀಸಿನ ಮಟ್ಟಿಗೆ ಸತ್ಯವೇ. ಈ ವಾದ್ಯಗಳನ್ನು ರೂಪಿಸಿದ ಕಾಲದಲ್ಲಿ ಮೌತ್‌ಪೀಸಿನ ಒಳಕೋಣೆ ದುಂಡಗೆ, ವಿಶಾಲವಾಗಿರುತ್ತಿತ್ತು. ಶಂಕುವಿನಾಕಾರದ ಕೊಳವೆಯ ತುದಿಯಲ್ಲಿ ಕತ್ತರಿಸಿಹೋದ ಭಾಗದ ಗಾತ್ರವನ್ನು ಮೌತ್‌ಪೀಸಿನ ಒಳಜಾಗವೇ ತುಂಬಿಕೊಡಬೇಕು. ಅದು ಕಡಿಮೆಯಾದರೆ ಸ್ಥಾಯಿಗಳ ನಡುವಿನ ಹೊಂದಾಣಿಕೆ ಕೆಡುತ್ತದೆ. ನನ್ನಲ್ಲಿದ್ದ ಅಗಲ ಕೋಣೆಯ ಮೌತ್‌ಪೀಸಿನಲ್ಲಿ ಅವರು ಒಮ್ಮೆ ಊದಿದರು, ಶ್ರುತಿ ನೆಟ್ಟಗಾಯಿತು. ಆದರೆ ಅವರಿಗೆ ಬೇಕಿದ್ದ ಚುರುಕು ದನಿ ಅದರಲ್ಲಿರಲಿಲ್ಲ. ಇಬ್ಬರಿಗೂ ಬೇಸರವಿಲ್ಲದೆ ಬೀಳ್ಕೊಂಡೆವು. ಅಂದೇ ಸಂಜೆ ವಿವರಣೆಗೆ ಮೌತ್‌ಪೀಸಿನ ಬಗ್ಗೆ ನಾಲ್ಕು ಸಾಲು ಸೇರಿಸಿದೆ. ಅದನ್ನು ಮೊದಲೇ ಬರೆದಿದ್ದರೆ ಅವರ ಒಂದು ದಿನ ಉಳಿಯುತ್ತಿತ್ತು.

ಕೊನೆಗೆ ಕೊಂಡವರು ವೃತ್ತಿಯಿಂದ ಸಂಗೀತ ಶಿಕ್ಷಕಿ. ಬರುವ ಮೊದಲು ಅವರು ಕೇಳಿದ ಪ್ರಶ್ನೆಗಳಿಂದಲೇ ಅವರಿಗೆ ಹಳೆಯ ವಾದ್ಯಗಳ ಪರಿಚಯ ಚೆನ್ನಾಗಿದೆಯೆಂದು ತಿಳಿದಿತ್ತು. ‘ಅರ ಹಾಕಿದ ರಂಧ್ರಗಳ ಕೀಗಳನ್ನು ನನ್ನೆದುರು ಬಿಚ್ಚಿ ತೋರಿಸುವಿರಾ?’ ಎಂಬುದು ಮೊದಲ ಪ್ರಶ್ನೆ. ಬಂದ ದಿನ ಎರಡನ್ನೂ ಬಿಚ್ಚಿ ತೋರಿಸಿದೆ. ಬೆರಳ ತುದಿಯಿಂದ ಮಡಿಕೆಯ ಸುತ್ತ ಸವರಿ ನೋಡಿ ‘ಸರಿ, ಮತ್ತೆ ಜೋಡಿಸಿ’ ಎಂದರು. ಅನಂತರ ಎರಡು ಗಂಟೆ ಕಾಲ ಮಾತಿಲ್ಲದೆ ನುಡಿಸಿದರು. ಹಾಡು ನುಡಿಸಲಿಲ್ಲ, ಒಂದೊಂದು ಸ್ವರವನ್ನು ಹಿಡಿದು ಅದು ಕೇಳಿಸದಷ್ಟು ಸಣ್ಣದಾಗುವ ವರೆಗೆ ಇಳಿಸುತ್ತ ಹೋದರು.

ಕೆಳಗಿನ ಬಿ ಸ್ವರದಲ್ಲಿ ನಿಂತರು. ಮತ್ತೊಮ್ಮೆ ಊದಿದರು. ‘ಇಲ್ಲಿ ಒಂದಿಷ್ಟು ನಡುಗುತ್ತಿದೆ, ನಿಮಗೂ ಕೇಳಿಸುತ್ತಿದೆಯೇ?’ ಎಂದರು. ನನಗೆ ಕೇಳಿಸಿತು. ನಾನು ಒಂದು ತಿಂಗಳ ಹಿಂದೆ ಮುದ್ರಿಸಿದಾಗ ಅಲ್ಲಿ ನಡುಕವಿರಲಿಲ್ಲ. ಕೋಣೆಯ ಪರದೆ ಎಳೆದು ದೀಪದ ಸರಳನ್ನು ಇಳಿಸಿದೆ. ಅರ ಹಾಕಿದ ರಂಧ್ರಗಳಲ್ಲಿ ಬೆಳಕಿನ ಸುಳಿವೂ ಇರಲಿಲ್ಲ. ಬೆಳಕು ಜಿನುಗುತ್ತಿದ್ದುದು ಜಿ ಶಾರ್ಪ್ ಪ್ಯಾಡಿನಲ್ಲಿ. ಕೆಳಗಿನ ಬಿ ಕೀಯನ್ನು ಒತ್ತಿದಾಗ ಅದು ಜಿ ಶಾರ್ಪ್ ಕೀಯನ್ನೂ ಎತ್ತಲು ನೋಡುತ್ತದೆ. ಬಲಗೈಯ ಕೀಗಳಿಗೆ ಸೇರಿದ ಒಂದು ಸಣ್ಣ ತೋಳು ಅದನ್ನು ಅದುಮಿ ಹಿಡಿಯಬೇಕು. ಆ ತೋಳಿನಡಿಗೆ ನಾನು ಅಂಟಿಸಿದ್ದ ಕಾರ್ಕಿನ ತುಣುಕು ವಾರಗಳ ಒತ್ತಡಕ್ಕೆ ಅದುಮಿಕೊಂಡು ತೆಳುವಾಗಿತ್ತು. ಅಷ್ಟರಿಂದ ಪ್ಯಾಡು ಕಾಗದದ ದಪ್ಪದಷ್ಟು ಮೇಲೇಳುತ್ತಿತ್ತು. ಹೊಸ ಕಾರ್ಕು ಅಂಟಿಸಿ, ಮರಳುಕಾಗದದಿಂದ ಒಂದೊಂದೇ ಎಳೆತ ಎಳೆದು ಹದಕ್ಕೆ ತಂದೆ. ಅರ್ಧ ಗಂಟೆಯ ಕೆಲಸ. ಅವರು ಪಕ್ಕದಲ್ಲಿಯೇ ಕುಳಿತು ನೋಡಿದರು. ಕೆಳಗಿನ ಬಿ ಮೆಲ್ಲನೆ, ನಡುಕವಿಲ್ಲದೆ ಹೊರಟಿತು.

ಆ ದೋಷಕ್ಕೆ ಬೆಲೆ ಇಳಿಸಬೇಕೇ ಎಂದು ನಾನೇ ಕೇಳಿದೆ. ಬೇಡ, ಹೊಸ ಕಾರ್ಕು ಅದುಮಿಕೊಳ್ಳುವುದು ಸಹಜ, ಆರು ವಾರದ ಮೇಲೆ ಮತ್ತೊಮ್ಮೆ ನೋಡಿಕೊಡಿ ಎಂದರು. ಒಪ್ಪಿದೆ, ಹೊಸದಾಗಿ ಪ್ಯಾಡು ಹಾಕಿದ ಯಾವ ವಾದ್ಯಕ್ಕಾದರೂ ಆ ಮಾತನ್ನು ಮಾರುವವನೇ ಮೊದಲು ಹೇಳಬೇಕಿತ್ತು. ಫೆಲ್ಟು, ಚರ್ಮ, ಕಾರ್ಕು ಎಲ್ಲವೂ ಮೊದಲ ಕೆಲವು ತಿಂಗಳು ಇಳಿಯುತ್ತಲೇ ಇರುತ್ತವೆ.

ವಾದ್ಯದ ಜೊತೆ ಒಂದು ನೋಟುಪುಸ್ತಕ ಕೊಟ್ಟೆ. ಯಾವ ಪ್ಯಾಡಿನ ಅಳತೆ ಎಷ್ಟು, ಯಾವ ಸ್ಪ್ರಿಂಗುಗಳು ಮೂಲದವು, ಯಾವುವು ಹೊಸವು, ಎಲ್ಲಿ ಬೆಸುಗೆ ಬಿಚ್ಚಿ ಮತ್ತೆ ಬೆಸೆದಿದ್ದೇನೆ ಎಂಬುದೆಲ್ಲ ಅದರಲ್ಲಿದೆ. ಬದಲಿಸಿದ ಎರಡು ಮೂಲ ತಿರುಪುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಹಳೆಯ ಎಬೊನೈಟ್ (ಗಂಧಕ ಬೆರೆಸಿದ ಗಟ್ಟಿ ರಬ್ಬರ್) ಮೌತ್‌ಪೀಸನ್ನೂ ಕೊಟ್ಟೆ; ಅದು ಹಸಿರು ಕಂದಾಗಿ ಗಂಧಕದ ವಾಸನೆ ಬರುತ್ತಿತ್ತು, ಬಿಸಿ ನೀರಿನಲ್ಲಿ ತೊಳೆದರೆ ಬಣ್ಣ ಇನ್ನೂ ಕೆಡುತ್ತದೆಂದು ಹೇಳಿದೆ. ಮೈಕ್ರೊಟ್ಯೂನರ್ ಬಿಡಿಸಲು ನನಗೆ ಮೂರು ವಾರ ಹಿಡಿದಿತ್ತು: ದಿನವೂ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಇಕ್ಕಳ ತಾಕಿಸದೆ, ಬರಿಗೈಯಲ್ಲಿ ತಿರುಗಿಸಿ ನೋಡುತ್ತಿದ್ದೆ. ಆ ಬಳೆಯನ್ನು ವಾರಕ್ಕೊಮ್ಮೆಯಾದರೂ ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಿರಬೇಕೆಂದು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿದ್ದೇನೆ.

ಅವರು ಕೈಯಲ್ಲಿಯೇ ಒಯ್ದರು, ಆದರೂ ತೆರೆದಿರುವ ಕೀಗಳ ಅಡಿಗೆ ಕಾರ್ಕಿನ ಬೆಣೆಗಳನ್ನು ಇಟ್ಟು, ಕೊರಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಟ್ಟು, ಬೆಲ್ಲಿನೊಳಗೆ ಮೆತ್ತನೆಯ ಬಟ್ಟೆ ತುಂಬಿಸಿ ಕಳುಹಿಸಿದೆ. ಪೆಟ್ಟಿಗೆಯೊಳಗೆ ವಾದ್ಯ ಒಂದಿಷ್ಟು ಅಲುಗಾಡಿದರೂ ಹೊಂದಿಸಿದ ಕೀಗಳು ಬಾಗುತ್ತವೆ. ದೂರಕ್ಕೆ ಪಾರ್ಸೆಲ್ ಕಳುಹಿಸುವುದಾದರೆ ಪೆಟ್ಟಿಗೆಯ ಸುತ್ತ ಮೆತ್ತೆ ಹಾಕಿ ಒಂದರೊಳಗೊಂದು ಎರಡು ರಟ್ಟಿನ ಡಬ್ಬಗಳಲ್ಲಿ ಇಡಬೇಕಾಗುತ್ತದೆ.

ಆರು ವಾರದ ಮೇಲೆ ತಂದಾಗ ಮೂರು ಕಡೆ ಕಾರ್ಕು ಸರಿಪಡಿಸಿದೆ, ಒಂದು ಪ್ಯಾಡಿನ ಅರಗನ್ನು ಬಿಸಿಮಾಡಿ ಎಳೆಯಷ್ಟು ತಿರುಗಿಸಿದೆ. ಕಳೆದ ವಾರ ಫೋನ್ ಮಾಡಿ, ಜಿ ಶಾರ್ಪ್ ಕೀ ಬೆಳಗಿನ ಹೊತ್ತು ಅಂಟಿಕೊಂಡು ಏಳುವುದಿಲ್ಲ ಎಂದರು. ಆ ಕೀಗೆ ಸ್ಪ್ರಿಂಗು ಬಲ ಕಡಿಮೆ, ಪ್ಯಾಡಿನ ಮೇಲೆ ತೇವ ಕೂತರೆ ಹಾಗಾಗುತ್ತದೆ. ತೆಳು ಕಾಗದವೊಂದನ್ನು ಪ್ಯಾಡಿನ ಕೆಳಗಿಟ್ಟು ಮೆತ್ತಗೆ ಒತ್ತಿ ತೇವ ಹೀರಿಸಿ, ಒತ್ತಿ ಹಿಡಿದಿರುವಾಗ ಮಾತ್ರ ಕಾಗದವನ್ನು ಎಳೆಯಬೇಡಿ, ಚರ್ಮ ಒರಟಾಗುತ್ತದೆ ಎಂದು ಹೇಳಿದೆ. ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಎಂದರು.